ಬದಲಿಗೆ ನಿಂತವರು

ಇದು ನಡೆದದ್ದು ಮುಚ್ಚಿದ ಗಾಡಿಗಳು ಊರಿಗೆ ಬಂದುಹೋದ ಹದಿಮೂರನೆಯ ವರ್ಷ, ಎಣಿಕೆಯ ದಿನ, ಬಿಸಿಲು ಏರುವ ಹೊತ್ತಿನಲ್ಲಿ.

ಆ ಊರಿನ ಬಯಲಿನಲ್ಲಿ ಕಲ್ಲುಗಳಿದ್ದವು. ಸಾಲುಸಾಲಾಗಿ, ನೆಲಕ್ಕೆ ಸಮನಾಗಿ ಹೂತ ಚಪ್ಪಡಿಗಳು. ಒಂದು ಕಲ್ಲಿನ ಮೇಲೆ ಒಬ್ಬರು ನಿಲ್ಲಬಹುದು, ಇಬ್ಬರಿಗೆ ಜಾಗವಿಲ್ಲ. ಮಗು ಹುಟ್ಟಿದರೆ ಅದಕ್ಕೊಂದು ಕಲ್ಲು ಹೂಳುತ್ತಿದ್ದರು. ಯಾರಾದರೂ ಸತ್ತರೆ ಅವರ ಕಲ್ಲನ್ನು ಎತ್ತಿ ಅವರ ಮಣ್ಣಿನ ಮೇಲೆ ಇಡುತ್ತಿದ್ದರು. ವರ್ಷಕ್ಕೊಂದು ದಿನ ಊರಿಗೆ ಊರೇ ಬಂದು ತಂತಮ್ಮ ಕಲ್ಲಿನ ಮೇಲೆ ನಿಲ್ಲುತ್ತಿತ್ತು. ಎಣಿಕೆಯಜ್ಜ ಕೋಲು ಹಿಡಿದು ಮೊದಲ ಸಾಲಿನ ಮೊದಲ ಕಲ್ಲಿನಿಂದ ಹೊರಡುತ್ತಿದ್ದ. ಒಂದೊಂದು ಕಲ್ಲಿಗೂ ಕೋಲು ತಾಗಿಸಿ, ಕಂಡದ್ದನ್ನು ಕೂಗಿ ಹೇಳುತ್ತಿದ್ದ. "ತುಂಬಿದೆ." ಒಂದು ಹೆಜ್ಜೆ. "ತುಂಬಿದೆ." ಒಂದು ಹೆಜ್ಜೆ. ಕೊನೆಯ ಕಲ್ಲು ಮುಟ್ಟುವಾಗ ಹೊತ್ತು ಇಳಿದಿರುತ್ತಿತ್ತು.

ಊರಿನಲ್ಲಿ ಬೇರೆ ದಾಖಲೆ ಇರಲಿಲ್ಲ. ಕಲ್ಲಿದ್ದವರು ಇದ್ದರು. ಕಲ್ಲಿಲ್ಲದವರು ಇರಲಿಲ್ಲ. ಕಲ್ಲಿದ್ದವರಿಗೆ ಊರ ಬಾವಿಯಲ್ಲಿ ನೀರು, ಇಲ್ಲದವರಿಗೆ ಇಲ್ಲ. ಮೂರು ಎಣಿಕೆ ಖಾಲಿ ಬಿದ್ದ ಕಲ್ಲನ್ನು ಕಿತ್ತು ರಸ್ತೆಗೆ ಹಾಕುತ್ತಿದ್ದರು. ಅದರ ಮೇಲೆ ಗಾಡಿ ಓಡುತ್ತಿತ್ತು.

ಆಟದವರಿಗೆ ಮಾತ್ರ ಬೇರೆ ಕಟ್ಟಳೆ. ಆಟದವರು ಎಂದರೆ ಹಳೆಯ ಕಣಜದ ಮನೆಯಲ್ಲಿ ತಾಲೀಮು ಮಾಡಿ ಬಯಲಿನಲ್ಲಿ ಆಡುವ ಹನ್ನೊಂದು ಜನರ ತಂಡ. ಇವತ್ತು ರಾಜ, ನಾಳೆ ಕಳ್ಳ, ನಾಡಿದ್ದು ಹುಲಿ. ಇಂಥವರನ್ನು ಯಾರೆಂದು ಎಣಿಸುವುದು? ಹಾಗಾಗಿ ತಂಡಕ್ಕೆ ಸೇರುವ ದಿನ ಅವರವರ ಕಲ್ಲನ್ನು ಕಿತ್ತು ಮುಖ ಕೆಳಗೆ ಮಾಡಿ ಮಗುಚಿ ಹೂಳುತ್ತಿದ್ದರು. ಅದಕ್ಕೆ ಪ್ರತಿಯಾಗಿ ತಂಡಕ್ಕೆಲ್ಲ ಸೇರಿ ಬಾವಿಯಲ್ಲಿ ನೀರು ಸೇದಲು ಒಂದು ಹಗ್ಗ ಬಿಟ್ಟುಕೊಟ್ಟಿದ್ದರು.

ತಂಡದವರು ತಂಗಿ ಎಂದು ಕರೆಯುವವಳ ಕಲ್ಲೂ ಹಾಗೆ ಮಗುಚಿ ಬಿದ್ದಿತ್ತು. ಅವಳು ಹುಟ್ಟಿನಿಂದ ಆಟದವಳಲ್ಲ. ಸೇರಿದ್ದು ಅಕ್ಕನಿಗಾಗಿ.

ಗಾಡಿಗಳು ಬಂದದ್ದು ಒಂದು ಬೆಳಿಗ್ಗೆ. ಎರಡು ಗಾಡಿ, ಎರಡಕ್ಕೂ ಕರಿಯ ಬಟ್ಟೆಯ ಮುಸುಕು. ಅರಮನೆಯ ಆಳುಗಳು ಇಳಿದರು. ಹನ್ನೊಂದು ಕಡೆ ಹೋದರು. ಹನ್ನೊಂದು ಜನರನ್ನು ಹತ್ತಿಸಿಕೊಂಡು ಹೋದರು. ಯಾಕೆಂದು ಹೇಳಲಿಲ್ಲ. ಮರುದಿನ ಡಂಗುರದವನು ಬಂದು, ಗಾಡಿಗಳು ಬಂದೇ ಇಲ್ಲ ಎಂದು ಸಾರಿಹೋದ.

ಹೋದವರಲ್ಲಿ ಸಿನಿಮಾ ಮಂದಿರಕ್ಕೆ ಚಿತ್ರ ಬರೆಯುವವನೊಬ್ಬನಿದ್ದ. ಏಣಿಯ ಮೇಲೆ ನಿಂತು ಹೀರೋನ ಮೀಸೆಗೆ ಕಪ್ಪು ಹಚ್ಚುತ್ತಿದ್ದಾಗ ಇಳಿಸಿಕೊಂಡರು. ಎಡಗಡೆಯ ಮೀಸೆ ಆಗಿತ್ತು, ಬಲಗಡೆಯದು ಆಗಿರಲಿಲ್ಲ. ಶಾಲೆಯಲ್ಲಿ ಚರಿತ್ರೆ ಹೇಳುವವನೊಬ್ಬನಿದ್ದ. ಹಲಗೆಯ ಮೇಲೆ ಒಂದು ಇಸವಿ ಬರೆಯುತ್ತಿದ್ದ. ನಾಲ್ಕು ಅಂಕಿಯಲ್ಲಿ ಎರಡು ಬರೆದಿದ್ದ. ಅಕ್ಕ ಬಟ್ಟೆ ಹೊಲಿಯುವವಳು. ಬಾಗಿಲಲ್ಲಿ ಕೂತು, ಸೂಜಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ದಾರ ಪೋಣಿಸುತ್ತಿದ್ದಳು. ಅಕ್ಕನ ಹೆಸರು ದೇವೀರಿ.

ಆ ವರ್ಷದ ಎಣಿಕೆ ಹತ್ತಿರ ಬಂದಾಗ ಊರಿಗೆ ಒಂದೇ ಭಯ. ಹನ್ನೊಂದು ಕಲ್ಲು ಖಾಲಿ ಬೀಳುತ್ತವೆ. ಮೂರು ವರ್ಷಕ್ಕೆ ಕಿತ್ತುಹೋಗುತ್ತವೆ. ಆಮೇಲೆ ಅವರು ತಿರುಗಿ ಬಂದರೂ ನಿಲ್ಲಲು ಜಾಗವಿಲ್ಲ.

ತಂಡದ ಮೇಷ್ಟ್ರು ಆಗ ಗಟ್ಟಿಮುಟ್ಟಾಗಿದ್ದರು. ಕಣಜದ ಮನೆಯ ಬಾಗಿಲಲ್ಲಿ ನಿಂತು, "ಜಾಗ ಖಾಲಿ ಬಿಡಬಾರದು," ಎಂದರು. ಆಟದವರ ಮೊದಲ ಪಾಠವೇ ಅದು. ರಾಜನ ಪಾತ್ರದವನು ಬರದಿದ್ದರೆ ಸೇವಕನು ರಾಜನಾಗಬೇಕು. ಸೇವಕನಿಲ್ಲದಿದ್ದರೆ ತಾಳ ಹಾಕುವವನು ಎದ್ದು ನಿಲ್ಲಬೇಕು. ನೋಡುವವರ ಕಣ್ಣಿಗೆ ರಂಗದ ಮೇಲೆ ತೂತು ಕಾಣಬಾರದು.

ತಂಡದಲ್ಲಿ ಆಗ ಹತ್ತೇ ಜನ ಇದ್ದರು. ತಂಗಿ ಹೋಗಿ, "ನನ್ನನ್ನೂ ಸೇರಿಸ್ಕೊಳ್ಳಿ ಮೇಷ್ಟ್ರೆ," ಎಂದಳು.

"ಆಡಕ್ಕೆ ಬರುತ್ತೇನಮ್ಮ?"

"ಬರಲ್ಲ. ಅಕ್ಕ ದಾರ ಪೋಣಿಸೋದು ಬರುತ್ತೆ."

ಅವಳ ಕಲ್ಲು ಮಗುಚಿತು. ಎಣಿಕೆಯ ದಿನ ಅವಳು ಅಕ್ಕನ ಕಲ್ಲಿನ ಮೇಲೆ ನಿಂತು, ಸೂಜಿ ಹಿಡಿದು, ಒಂದು ಕಣ್ಣು ಮುಚ್ಚಿದಳು. ಒಬ್ಬ ಗಾಳಿಯಲ್ಲಿ ಮೀಸೆ ಬರೆದ. ಇನ್ನೊಬ್ಬ ಹಲಗೆ ಹಿಡಿದು ಎರಡು ಅಂಕಿ ಬರೆದು ಕೈ ನಿಲ್ಲಿಸಿದ. ಹನ್ನೊಂದು ಜಾಗದಲ್ಲಿ ಹನ್ನೊಂದು ಜನ, ಹೋದವರು ಹೋದ ಕ್ಷಣದಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಮಾಡುತ್ತ ನಿಂತರು. ಎಣಿಕೆಯಜ್ಜ ಬಂದ. ಅವಳ ಮುಖ ನೋಡಿದ. ಕೋಲು ತಾಗಿಸಿದ.

"ತುಂಬಿದೆ."

ಬಯಲಿನಲ್ಲಿ ಯಾರೋ ಬಿಕ್ಕಿದರು. ಎಷ್ಟೋ ಜನ ಬಿಕ್ಕಿದರು. ತಂಗಿಗೆ ಅಳು ಬರಲಿಲ್ಲ. ಕೈ ನಡುಗಿದರೆ ದಾರ ಹೋಗುವುದಿಲ್ಲ.

ಹೀಗೆ ಒಂದು ವರ್ಷವಾಯಿತು. ಎರಡು ವರ್ಷವಾಯಿತು.

ದೇವೀರಿಯ ಕಲ್ಲಿನ ಬಲಕ್ಕೆ ಇನ್ನೊಬ್ಬಳ ಕಲ್ಲಿತ್ತು. ಪಕ್ಕದ ಕಲ್ಲಿನಾಕೆ ಮಾತಿನ ಮಲ್ಲಿ. ಸೆರಗಿನಲ್ಲಿ ಹುರಿಗಡಲೆ ಕಟ್ಟಿಕೊಂಡು ಬಂದು, ಅಜ್ಜ ಬರುವವರೆಗೂ ತಿನ್ನುತ್ತ ಮಾತಾಡುವಳು. ಎರಡನೆಯ ವರ್ಷ ಅವಳು ಬಗ್ಗಿ ಹೇಳಿದಳು:

"ನಿಮ್ಮಕ್ಕ ನಾಲಿಗೆ ಹೊರಗೆ ಹಾಕ್ತಿರಲಿಲ್ಲ ಕಣೆ. ನೀನು ಹಾಕ್ತೀಯ."

"ಹೌದಾ?"

"ಹೂಂ. ತುದಿ ಇಷ್ಟೇ ಇಷ್ಟು ಕಾಣುತ್ತೆ. ಅದು ನಿನ್ನ ಚಾಳಿ."

ತಂಗಿ ನಾಲಿಗೆ ಒಳಗೆಳೆದುಕೊಂಡಳು. ಆದರೆ ಮುಂದಿನ ಸಾಲಿನ ಮಕ್ಕಳು ಆ ನಾಲಿಗೆ ನೋಡಿ ನಕ್ಕಿದ್ದರು. ಮೂರನೆಯ ವರ್ಷದ ತಾಲೀಮಿನಲ್ಲಿ ಮುಖಕ್ಕೆ ಬಣ್ಣ ಹಾಕುವ ಬಣ್ಣದಾಕೆ ಹೇಳಿದಳು, "ನಾಲಿಗೆ ಇರಲಿ. ಜನ ಅದಕ್ಕೆ ಕಾಯ್ತಾರೆ." ನಾಲಿಗೆ ಉಳಿಯಿತು. ನಾಲ್ಕನೆಯ ವರ್ಷ ಅವಳೇ ಹೇಳಿದಳು, "ಸೂಜಿ ದೂರದವರಿಗೆ ಕಾಣಲ್ಲ." ಸೂಜಿ ಹೋಗಿ ಗೋಣಿ ಹೊಲಿಯುವ ದಬ್ಬಣ ಬಂತು. ಆರನೆಯ ವರ್ಷ ದಬ್ಬಣ ಹೋಗಿ ಮೊಳದುದ್ದದ ಬಿದಿರು ಬಂತು. ದಾರ ಹೋಗಿ ಕೆಂಪು ಹಗ್ಗ ಬಂತು. ಎಂಟನೆಯ ವರ್ಷ ಬಿದಿರು ಆಳೆತ್ತರವಾಯಿತು. ಹಗ್ಗ ಒಂದು ಸಲಕ್ಕೆ ತೂತಿಗೆ ಹೋಗಬಾರದು, ಎರಡು ಸಲ ತಪ್ಪಬೇಕು, ಮೂರನೆಯ ಸಲಕ್ಕೆ ಹೋಗಬೇಕು. ತಪ್ಪಿದಾಗಲೆಲ್ಲ ಬಯಲು ಬಯಲೇ "ಅಯ್ಯಯ್ಯೋ" ಎನ್ನುವುದು. ಹೋದಾಗ ಶಿಳ್ಳೆ.

ಮೀಸೆಯವನದೂ ಹಾಗೇ ಆಯಿತು. ಮೊದಲು ಗಾಳಿಯಲ್ಲಿ ಬರೆಯುತ್ತಿದ್ದ. ಆಮೇಲೆ ಹೀರೋನ ಹಲಗೆಚಿತ್ರವನ್ನೇ ಹೊತ್ತು ತಂದ. ಆಮೇಲೆ ಹೀರೋನಂತೆ ನಡೆದ. ಹತ್ತನೆಯ ವರ್ಷ ಅವನು ಕಲ್ಲಿನ ಮೇಲೆ ಹತ್ತಿದ ಕೂಡಲೆ ಜನ ಬಿಡಿಹೂ ಎರಚಿದರು. ಏಣಿಯಿಂದ ಇಳಿಸಿಕೊಂಡು ಹೋದವನ ಹೆಸರು ಕೇಳಿದ್ದರೆ ಎರಚಿದವರಲ್ಲಿ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಇಸವಿ ಬರೆಯುವವನು ವರ್ಷ ವರ್ಷ ಅದೇ ಎರಡು ಅಂಕಿ ಬರೆದು ಬರೆದು, ಅವಕ್ಕೆ ಸುತ್ತಲೂ ಬಳ್ಳಿ ಬಿಡಿಸಿ, ಹೂ ಬಿಡಿಸಿ, ಕೊನೆಗೆ ಅವು ಅಂಕಿಯೆಂದು ಗೊತ್ತಾಗದಂತೆ ಮಾಡಿದ. ಚೆಂದವಾಗಿತ್ತು. ಹೆಂಗಸರು ಅದನ್ನು ನೋಡಿಕೊಂಡು ಹೋಗಿ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದರು.

ತಂಗಿಯನ್ನು ಊರು ಸೂಜಿ ಎಂದು ಕರೆಯಿತು. "ಏ ಸೂಜಿ, ಒಂದು ಸಲ ನಾಲಿಗೆ ಹಾಕೆ!" ಎಂದು ದಾರಿಯಲ್ಲಿ ಹುಡುಗರು ಕೂಗುವರು. ಅವಳು ಹಾಕುವಳು. ಅವರು ನಗುವರು. ಅರಮನೆಯವರು ಅವಳ ಭಂಗಿಯನ್ನು ಕ್ಯಾಲೆಂಡರಿನ ಮೇಲೆ ಅಚ್ಚು ಹಾಕಿಸಿದರು.

ಹನ್ನೊಂದನೆಯ ವರ್ಷದ ತಾಲೀಮಿನಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಕಣಜದ ಮನೆಯ ದೊಡ್ಡ ಕನ್ನಡಿಯ ಮುಂದೆ ತಂಗಿ ಬಿದಿರೆತ್ತಿ ನಿಂತಿದ್ದಳು. ಬಲಗಣ್ಣು ಮುಚ್ಚಿದಳು. ಯಾಕೋ ಅನುಮಾನ ಬಂತು. ಅಕ್ಕ ಮುಚ್ಚುತ್ತಿದ್ದದ್ದು ಬಲವೋ, ಎಡವೋ? ಅವಳು ಬಾಗಿಲನ್ನು ನೆನೆಸಿಕೊಂಡಳು. ಬಾಗಿಲಿನ ಬೆಳಕನ್ನು ನೆನೆಸಿಕೊಂಡಳು. ಬೆಳಕಿನಲ್ಲಿ ಕೂತವಳನ್ನು ನೆನೆಸಿಕೊಂಡಳು. ಕೂತವಳು ನಾಲಿಗೆಯ ತುದಿ ಹೊರಗೆ ಹಾಕಿದ್ದಳು. ಕೂತವಳ ಕೈಯಲ್ಲಿ ಆಳೆತ್ತರದ ಬಿದಿರಿತ್ತು.

ಅವಳು ಬಿದಿರು ಕೆಳಗಿಟ್ಟಳು. ಮತ್ತೆ ನೆನೆಸಿಕೊಂಡಳು. ಮತ್ತೆ ಬಂದದ್ದು ತಾನೇ.

ಯಾರಿಗೂ ಹೇಳಲಿಲ್ಲ. ಎಣಿಕೆಯ ದಿನ ಪಕ್ಕದ ಕಲ್ಲಿನಾಕೆಯನ್ನು ಕೇಳಿದಳು, "ಅಕ್ಕ ಯಾವ ಕಣ್ಣು ಮುಚ್ಚೋಳು?"

ಆಕೆ ಕಡಲೆ ಅಗಿಯುತ್ತ, "ನೀನು ಮುಚ್ತೀಯಲ್ಲ, ಅದೇ," ಎಂದಳು.

ಹನ್ನೆರಡನೆಯ ಎಣಿಕೆ ಮುಗಿದ ಸಂಜೆ ಅರಮನೆಯ ಗುಮಾಸ್ತ ಕಣಜದ ಮನೆಗೆ ಬಂದ. ಬಿಳಿ ಪೇಟ, ಸಣ್ಣ ನಗು. ಹನ್ನೊಂದು ಹಾರ ತಂದಿದ್ದ. ಹನ್ನೊಂದು ಕೊರಳಿಗೂ ತಾನೇ ಹಾಕಿದ.

"ದೊರೆಗಳಿಗೆ ಬಹಳ ಸಂತೋಷವಾಗಿದೆ," ಎಂದ.

"ಆಟ ಮೆಚ್ಚಿದ್ರಾ ಸ್ವಾಮಿ?" ಎಂದರು ಮೇಷ್ಟ್ರು. ಅವರಿಗೆ ಈಗ ವಯಸ್ಸಾಗಿತ್ತು, ಕೂತರೆ ಏಳಲು ಗೋಡೆ ಬೇಕಿತ್ತು.

"ಆಟವನ್ನೂ ಮೆಚ್ಚಿದ್ರು. ಅದಕ್ಕಿಂತ ಹೆಚ್ಚಾಗಿ, ಹನ್ನೆರಡು ವರ್ಷದಲ್ಲಿ ನಿಮ್ಮೂರ ಎಣಿಕೆ ಒಂದು ಸಲವೂ ಮುಕ್ಕಾಗಿಲ್ಲ. ಹೊರಗಿನ ಊರಿಂದ ಯಾರ್ಯಾರೋ ಬರ್ತಾರೆ, ಗಾಡಿ ಬಂತಂತೆ, ಜನರನ್ನ ಒಯ್ತಂತೆ ಅಂತ ಕೇಳ್ತಾರೆ. ನಾವು ಎಣಿಕೆ ತೋರಿಸ್ತೀವಿ. ಎಲ್ಲಾ ತುಂಬಿದೆ. ಬಂದ ದಾರಿ ಹಿಡಿದು ಹೋಗ್ತಾರೆ."

ಗುಮಾಸ್ತ ಇದನ್ನು ಹೊಗಳಿಕೆಯಾಗಿಯೇ ಹೇಳಿದ. ತಂಗಿ ಹಾರವನ್ನು ಕೈಯಲ್ಲಿ ಹಿಡಿದುಕೊಂಡಳು. ಅದು ಒದ್ದೆಯಾಗಿತ್ತು.

"ಅದಕ್ಕೆ ಒಂದು ಅಪ್ಪಣೆಯಾಗಿದೆ," ಎಂದು ಗುಮಾಸ್ತ ಮುಂದುವರಿಸಿದ. "ಹನ್ನೆರಡು ಎಣಿಕೆ ಒಂದೇ ಕಲ್ಲಿನ ಮೇಲೆ ನಿಂತವರಿಗೆ ಆ ಕಲ್ಲು ಸಲ್ಲುತ್ತೆ. ಬರೋ ವರ್ಷ ಅಜ್ಜ ಕೋಲು ತಾಗಿಸಿದಾಗ ನಿಮ್ಮ ನಿಮ್ಮ ಸ್ವಂತ ಹೆಸರು ಹೇಳಿ. ಅಲ್ಲಿಂದ ಕಲ್ಲು ನಿಮ್ಮದು. ಬಾವಿಯಲ್ಲಿ ತಲೆಗೊಂದು ಹಗ್ಗ. ಆಟ ಬೇಕಾದ್ರೆ ಆಡ್ಕೊಳ್ಳಿ, ಯಾರೂ ಬೇಡ ಅನ್ನಲ್ಲ."

ಅವನು ಹೋದ ಮೇಲೆ ಬಣ್ಣದಾಕೆ ಬಾಗಿಲು ಹಾಕಿ ಬಂದಳು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

"ಕಲ್ಲಿದ್ರೆ ನನಗೂ ಹೆಣ್ಣು ಕೊಡ್ತಾರೆ," ಎಂದ ಮೀಸೆಯವನು.

"ಈ ವಯಸ್ಸಲ್ಲಾ? ಆ ಮೀಸೆ ಬರೆದದ್ದು ಅಂತ ಮೊದಲು ಹೇಳ್ಬಿಡು," ಎಂದಳು ಬಣ್ಣದಾಕೆ. ಎಲ್ಲರೂ ನಕ್ಕರು. ಬಣ್ಣದಾಕೆಯೂ ನಕ್ಕಳು, ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. "ಸತ್ರೆ ತಲೆ ಮೇಲೆ ಇಡಕ್ಕೆ ಒಂದು ಕಲ್ಲಿರುತ್ತಲ್ಲ ಸದ್ಯ," ಎಂದಳು.

ತಂಗಿ ಮೇಷ್ಟ್ರ ಹತ್ತಿರ ಹೋಗಿ ಕೂತಳು.

"ಮೇಷ್ಟ್ರೆ, ನಾವು ನಮ್ಮ ಹೆಸರು ಹೇಳಿದ್ರೆ ಅವರ ಹೆಸರು ಏನಾಗುತ್ತೆ?"

ಮೇಷ್ಟ್ರು ಕೊರಳಿನ ಹಾರ ತೆಗೆದು ಮೊಳೆಗೆ ಹಾಕಿದರು.

"ಅವರು ಬರಲ್ಲ ಕಣಮ್ಮ."

"ಬರಲ್ಲ ಅಂದ್ರೆ ಇಷ್ಟು ವರ್ಷ ಯಾಕೆ ನಿಂತ್ವಿ?"

"ಜಾಗ ಖಾಲಿ ಬಿಡಬಾರದು ಅಂತ," ಎಂದರು ಮೇಷ್ಟ್ರು. ತಾವು ಹೇಳಿದ್ದು ತಮಗೇ ಹೊಸದಾಗಿ ಕೇಳಿಸಿದಂತೆ ಸ್ವಲ್ಪ ಹೊತ್ತು ನೆಲ ನೋಡಿದರು. ಮತ್ತೆ, "ನೀನೂ ನಿಂತ್ಕೊ. ನಿನಗೂ ಒಂದು ನೆಲೆ ಬೇಡ್ವಾ?" ಎಂದರು.

ಅವಳಿಗೆ ನೆಲೆ ಬೇಕಿತ್ತು. ಆ ಮಾತು ಸುಳ್ಳಲ್ಲ. ಹನ್ನೆರಡು ವರ್ಷದಿಂದ ಅವಳನ್ನು ಅವಳ ಹೆಸರಿನಿಂದ ಕರೆದವರಿರಲಿಲ್ಲ. ಊರು ಸೂಜಿ ಎನ್ನುತ್ತಿತ್ತು, ತಂಡ ತಂಗಿ ಎನ್ನುತ್ತಿತ್ತು. ಎಣಿಕೆಯ ದಿನ ಅವಳು ಅಕ್ಕನಾಗಿದ್ದಳು. ಉಳಿದ ದಿನ ಇರಲೇ ಇಲ್ಲ.

ಎಣಿಕೆಗೆ ಒಂದು ತಿಂಗಳಿದ್ದಾಗ ಅವಳು ಎಣಿಕೆಯಜ್ಜನ ಮನೆಗೆ ಹೋದಳು. ಮಧ್ಯಾಹ್ನ. ಅಜ್ಜ ಜಗಲಿಯ ಮೇಲೆ ಕೂತು, ಬಿಸಿನೀರಿನ ಬೋಗುಣಿಯಲ್ಲಿ ಪಾದ ಇಳಿಬಿಟ್ಟಿದ್ದ. ಎಣಿಕೆಯ ದಿನದ ನಡಿಗೆಗೆ ಅವನು ತಿಂಗಳ ಮೊದಲೇ ಪಾದ ಸಿದ್ಧ ಮಾಡಿಕೊಳ್ಳುತ್ತಿದ್ದ.

"ಅಜ್ಜ, ಒಂದು ಕೇಳ್ಬೇಕಿತ್ತು."

"ಕೇಳವ್ವ. ನೀರು ಆರೋವರೆಗೂ ಬಿಡುವೇ."

"ಕಲ್ಲು ಖಾಲಿ ಇದ್ರೆ ಏನು ಮಾಡ್ತೀರಿ?"

"ಮೂರು ಎಣಿಕೆ ಆದ್ರೆ ಕೀಳ್ತೀವಿ."

"ಅದು ಗೊತ್ತು. ಮೊದಲನೇ ಸಲ ಖಾಲಿ ಕಂಡ್ರೆ, ಆ ಹೊತ್ತಿಗೆ?"

ಅಜ್ಜ ಅವಳ ಮುಖ ನೋಡಿದ. ನೀರಿನಿಂದ ಒಂದು ಪಾದ ಎತ್ತಿ, ಹಾಗೇ ಹಿಡಿದುಕೊಂಡ.

"ಖಾಲಿ ಅಂತ ಕೂಗ್ಬೇಕು. ಕೂಗಿ ಅಲ್ಲೇ ನಿಲ್ಬೇಕು. ನಿಂತು ಬಯಲಿಗೆ ಮೂರು ಪ್ರಶ್ನೆ ಕೇಳ್ಬೇಕು. ಕಲ್ಲು ಯಾರದು? ಎಂದಿನಿಂದ ಖಾಲಿ? ಹೋದರೋ, ಒಯ್ದರೋ? ಒಂದೊಂದಕ್ಕೂ ಮೂವತ್ತು ಉಸಿರು ಕಾಯ್ಬೇಕು. ಕಲ್ಲಿನ ಮೇಲಿರೋರು ಯಾರು ಬೇಕಾದ್ರೂ ಉತ್ತರ ಹೇಳಬಹುದು. ಹೇಳಿದ್ದು ಎಣಿಕೆಗೆ ಸೇರುತ್ತೆ. ಸೇರಿದ್ದನ್ನ ದೊರೆಯೂ ಅಳಿಸೋ ಹಾಗಿಲ್ಲ."

"ನೀವು ಯಾವತ್ತಾದ್ರೂ ಕೇಳಿದೀರಾ?"

"ಇಲ್ಲವ್ವ. ನಮ್ಮಪ್ಪ ಬಾಯಿಪಾಠ ಮಾಡ್ಸಿದ್ರು. ಗಾಡಿ ಬಂದ ವರ್ಷ ರಾತ್ರಿಯೆಲ್ಲ ಮತ್ತೆ ಹೇಳ್ಕೊಂಡು ಹೇಳ್ಕೊಂಡು ಬಂದೆ, ತಪ್ಪಬಾರದು ಅಂತ. ಹನ್ನೊಂದು ಕಲ್ಲಿಗೆ ಮೂವತ್ತಮೂರು ಪ್ರಶ್ನೆ. ಜನ ಹೇಳೋರು ಆಗ. ಸಿಟ್ಟು ಹಸಿಯಾಗಿತ್ತು, ಹೇಳೇ ಹೇಳೋರು." ಅಜ್ಜ ಪಾದವನ್ನು ಮತ್ತೆ ನೀರಿಗಿಟ್ಟ. "ಬಂದು ನೋಡ್ತೀನಿ, ಎಲ್ಲಾ ಕಡೆ ನೀವು ನಿಂತಿದ್ರಿ."

ತಂಗಿ ಬೋಗುಣಿಯ ನೀರು ನೋಡಿದಳು.

"ನೀವು ಕೆಟ್ಟದ್ದು ಮಾಡಿದ್ರಿ ಅಂತ ನಾನು ಹೇಳಲ್ಲವ್ವ," ಎಂದ ಅಜ್ಜ. "ಅವತ್ತು ನಿನ್ನ ಮುಖ ನೋಡಿ ನನಗೇ ದೇವೀರಿ ಅನ್ನಿಸ್ತು. ತುಂಬಿದೆ ಅಂದೆ. ಸುಳ್ಳು ಅನ್ನಿಸ್ಲಿಲ್ಲ."

"ನಿಮಗೆ ಅಕ್ಕನ ಮುಖ ನೆನಪಿದೆಯಾ ಅಜ್ಜ?"

ಅಜ್ಜ ನೀರಿನಿಂದ ಎರಡೂ ಪಾದ ತೆಗೆದ. "ನಾನು ಮುಖ ಎಣಿಸ್ತೀನವ್ವ. ನೆನಪಿಟ್ಕೊಳ್ಳಲ್ಲ," ಎಂದ. ನೀರು ಆರಿತ್ತು.

ತಂಗಿ ಮನೆಗೆ ಹೋಗಿ ಲೆಕ್ಕ ಹಾಕಿದಳು. ನಿಂತರೆ ತನಗೆ ಕಲ್ಲು, ಅಕ್ಕ ಆ ಕ್ಷಣಕ್ಕೇ ಇಲ್ಲ, ಯಾರೂ ಏನೂ ಕೇಳುವುದಿಲ್ಲ. ನಿಲ್ಲದಿದ್ದರೆ ತನಗೆ ಕಲ್ಲಿಲ್ಲ. ತಂಡದ ಮಿಕ್ಕವರಿಗೆಲ್ಲ ಕಲ್ಲಾದ ಮೇಲೆ ತಂಡದ ಹಗ್ಗವೂ ಇಲ್ಲ, ಬಾವಿಯೂ ಇಲ್ಲ. ಅಕ್ಕನ ಕಲ್ಲು ಮೂರು ವರ್ಷಕ್ಕೆ ರಸ್ತೆಗೆ ಹೋಗುತ್ತದೆ. ಆದರೆ ಆ ಮೂರು ವರ್ಷ, ವರ್ಷಕ್ಕೆ ಮೂರು ಸಲ, ಅಜ್ಜ ಬಯಲಿನ ನಡುವೆ ನಿಂತು ಕೇಳುತ್ತಾನೆ. ಒಂಬತ್ತು ಪ್ರಶ್ನೆ. ಉತ್ತರ ತಾನು ಹೇಳುವ ಹಾಗಿಲ್ಲ. ತನಗೆ ಕಲ್ಲಿಲ್ಲ. ಯಾರಾದರೂ ಹೇಳಬೇಕು.

ಇದಿಷ್ಟೇ ಲೆಕ್ಕ. ಎರಡು ಸಲ ಮಾಡಿದಳು. ಎರಡು ಸಲವೂ ಅಷ್ಟೇ ಬಂತು.

ಎಣಿಕೆಯ ದಿನ ಬೆಳಿಗ್ಗೆ ಬಣ್ಣದಾಕೆ ಅವಳ ಹುಬ್ಬಿಗೆ ಕಪ್ಪು ತೀಡಲು ಬಂದಳು. ತಂಗಿ ಬೇಡವೆಂದಳು.

"ಬಣ್ಣ ಇಲ್ದೆ ಯಾರು ಗುರುತು ಹಿಡೀತಾರೆ ನಿನ್ನ?"

"ಬೇಡ. ಇವತ್ತು ಬೇಡ."

ಬಣ್ಣದಾಕೆ ಕಡ್ಡಿಯನ್ನು ಕೈಯಲ್ಲೇ ಹಿಡಿದು ನಿಂತಳು. ಅವಳಿಗೆ ಅರ್ಥವಾಯಿತೆಂದು ತೋರಿತು. "ಹುಚ್ಚಿ," ಎಂದಳು ಮೆಲ್ಲಗೆ. "ನಾವೆಲ್ಲ ಒಂದೇ ಬಾವಿ ನೀರು ಕುಡಿದೋರಲ್ವೇನೆ. ನಾಳೆ ನಿನಗೆ ನೀರು ಕೊಟ್ರೆ ನಮ್ಮ ಕಲ್ಲಿಗೆ ಕುತ್ತು. ನನ್ನ ಮನೆ ಬಾಗಿಲಿಗೆ ಬಂದು ನಿಲ್ಬೇಡ ಕಣೆ, ನಿನ್ನ ದಮ್ಮಯ್ಯ."

"ಬರಲ್ಲ," ಎಂದಳು ತಂಗಿ.

ಬಯಲು ತುಂಬಿತು. ಮಗ್ಗುಲಿಗೆ ಚುರುಮುರಿಯವರು, ಸೋಡದವರು. ಗುಮಾಸ್ತ ಚಪ್ಪರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ತಂಗಿ ಸಾಲುಗಳ ನಡುವೆ ನಡೆದು ಹೋದಳು. ಕೈಯಲ್ಲಿ ಬಿದಿರಿರಲಿಲ್ಲ. ದೇವೀರಿಯ ಕಲ್ಲಿನ ಹತ್ತಿರ ಹೋಗಿ, ಅದರ ಎಡಕ್ಕೆ, ಬರಿಯ ಮಣ್ಣಿನ ಮೇಲೆ ನಿಂತಳು.

ಹನ್ನೆರಡು ವರ್ಷ ಅದರ ಮೇಲೆ ನಿಂತಿದ್ದಳು. ಅದನ್ನು ನೋಡಿರಲಿಲ್ಲ. ಈಗ ನೋಡಿದಳು. ಬೂದು ಬಣ್ಣ. ಒಂದು ಮೂಲೆ ಒಡೆದಿತ್ತು. ಇರುವೆಗಳ ಸಾಲೊಂದು ಅಡ್ಡ ಹಾಯುತ್ತಿತ್ತು. ಎರಡು ಪಾದ ಇಡುವಷ್ಟು ಜಾಗ, ಅಷ್ಟೇ. ಇಷ್ಟು ಚಿಕ್ಕದೆಂದು ಅವಳಿಗೆ ಗೊತ್ತಿರಲಿಲ್ಲ.

"ಏನೇ ಸೂಜಿ, ಮರೆತ್ಯಾ? ಹತ್ತು ಮೇಲೆ," ಎಂದಳು ಪಕ್ಕದ ಕಲ್ಲಿನಾಕೆ.

ತಂಗಿ ತಲೆಯಾಡಿಸಿದಳು.

"ಕಾಲಿಗೇನಾಯ್ತು?"

"ಏನೂ ಆಗಿಲ್ಲ."

"ಮತ್ತೆ ಬಿದಿರೆಲ್ಲಿ? ನನ್ನ ಮೊಮ್ಮಗು ನಾಲಿಗೆ ನೋಡ್ಬೇಕು ಅಂತ ಬೆಳಿಗ್ಗೆಯಿಂದ ಹಾಲು ಕುಡಿದಿಲ್ಲ." ಆಕೆ ನಕ್ಕಳು. ತಂಗಿ ನಗದಿರುವುದನ್ನು ನೋಡಿದಳು. ಖಾಲಿ ಕಲ್ಲನ್ನು ನೋಡಿದಳು. ಬಾಯಿಗೆ ಹಾಕಲು ಎತ್ತಿದ್ದ ಕಡಲೆಯನ್ನು ಮತ್ತೆ ಸೆರಗಿಗೆ ಹಾಕಿದಳು.

ದೂರದಲ್ಲಿ ಅಜ್ಜ ಹೊರಟ. ತುಂಬಿದೆ. ಒಂದು ಹೆಜ್ಜೆ. ತುಂಬಿದೆ. ಒಂದು ಹೆಜ್ಜೆ. ಮೀಸೆಯವನ ಕಲ್ಲು ಬಂತು. ಹೂ ಎರಚಿದರು. ಅವನು ಮೀಸೆ ಬರೆಯುವ ಆಟ ಮುಗಿಸಿ, ಕೈ ಇಳಿಸಿ, ತನ್ನ ಸ್ವಂತ ಹೆಸರು ಹೇಳಿದ. ಹನ್ನೆರಡು ವರ್ಷದಿಂದ ಬಳಸದ ಹೆಸರು. ತುಂಬಿದೆ. ಇಸವಿ ಬರೆಯುವವನ ಕಲ್ಲು ಬಂತು. ಅವನು ಬಳ್ಳಿ ಬಿಡಿಸಿ, ಹೂ ಬಿಡಿಸಿ, ತನ್ನ ಹೆಸರು ಹೇಳಿದ. ತುಂಬಿದೆ. ಬಣ್ಣದಾಕೆ ಹೇಳಿದಳು. ಮೇಷ್ಟ್ರು ಹೇಳಿದರು. ಒಬ್ಬೊಬ್ಬರ ಹೆಸರೂ ಕೇಳಿದಾಗ ತಂಗಿ ಒಳಗೊಳಗೇ ಅಲ್ಲಿ ಮೊದಲಿದ್ದವರ ಹೆಸರು ಹೇಳಿಕೊಂಡಳು. ಆರು ಹೆಸರು ನೆನಪಾದವು. ನಾಲ್ಕು ನೆನಪಾಗಲಿಲ್ಲ.

ಅಜ್ಜ ದೇವೀರಿಯ ಕಲ್ಲಿನ ಮುಂದೆ ನಿಂತ. ಬಯಲು ನಾಲಿಗೆಗೆ ಕಾದು ನಿಂತಿತ್ತು. ಯಾರೋ ಶಿಳ್ಳೆ ಹಾಕಿದರು.

"ಹತ್ತವ್ವ," ಎಂದ ಅಜ್ಜ, ಅವಳಿಗೆ ಮಾತ್ರ ಕೇಳುವಷ್ಟು. "ನನಗೂ ವಯಸ್ಸಾಯ್ತು."

"ಕಂಡದ್ದು ಹೇಳಿ ಅಜ್ಜ."

ಅಜ್ಜ ಕೋಲು ತಾಗಿಸಿದ. ಇರುವೆಗಳು ಚದುರಿದವು. ಅವನ ಬಾಯಿ ರೂಢಿಯಿಂದ ಇನ್ನೊಂದು ಮಾತಿಗೆ ತೆರೆದು, ಮುಚ್ಚಿ, ಮತ್ತೆ ತೆರೆಯಿತು.

"ಖಾಲಿ."

ಶಿಳ್ಳೆ ನಿಂತಿತು. ಚಪ್ಪರದ ಕೆಳಗೆ ಗುಮಾಸ್ತ ಕುರ್ಚಿಯಿಂದ ಎದ್ದ. ಸಣ್ಣ ಮಕ್ಕಳು ದೊಡ್ಡವರನ್ನು, ಅಂದರೇನೆಂದು ಕೇಳಿದರು. ಅವರು ಎಣಿಕೆಯಲ್ಲಿ ಆ ಮಾತು ಕೇಳಿರಲಿಲ್ಲ.

ಅಜ್ಜ ಬಯಲಿನ ಕಡೆ ತಿರುಗಿದ. ನಡು ನೆಟ್ಟಗೆ ಮಾಡಿಕೊಂಡ.

"ಕಲ್ಲು ಯಾರದು?"

ಅಜ್ಜನ ಎದೆ ಏರಿತು, ಇಳಿಯಿತು. ಒಂದು. ಏರಿತು, ಇಳಿಯಿತು. ಎರಡು. ಜನ ಗುಮಾಸ್ತನನ್ನು ನೋಡಿದರು. ತಮ್ಮ ಪಾದ ನೋಡಿಕೊಂಡರು. ಹತ್ತು. ಹದಿನೈದು. ತಂಗಿಯ ಬಾಯಿಯಲ್ಲಿ ಹೆಸರು ತುಂಬಿಕೊಂಡಿತ್ತು. ಅವಳು ಹೇಳಿದರೆ ಅದು ಗಾಳಿ. ಇಪ್ಪತ್ತು. ಅವಳು ಕಣ್ಣು ಮುಚ್ಚಿದಳು. ಎರಡನ್ನೂ ಮುಚ್ಚಿದಳು. ಬಾಗಿಲು ಬಂತು, ಬೆಳಕು ಬಂತು, ಬಾಗಿಲಲ್ಲಿ ಯಾರೂ ಕೂತಿರಲಿಲ್ಲ. ಇಪ್ಪತ್ತಾರು. ಇಪ್ಪತ್ತೇಳು.

"ದೇವೀರಿ," ಎಂದಳು ಪಕ್ಕದ ಕಲ್ಲಿನಾಕೆ.

ಹೇಳಿ, ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಸೆರಗು ಬಿಚ್ಚಿ ಕಡಲೆಯೆಲ್ಲ ಕಲ್ಲಿನ ಸುತ್ತ ಚೆಲ್ಲಿತು. ಆಕೆ ಬಗ್ಗಿ ಹೆಕ್ಕಲಿಲ್ಲ. ತಂಗಿಯ ಕಡೆ ನೋಡಲೂ ಇಲ್ಲ.

"ಎಂದಿನಿಂದ ಖಾಲಿ?"

ಇಸವಿ ಬರೆಯುವವನು ಮೂರು ಸಾಲು ಆಚೆ ತನ್ನ ಸ್ವಂತ ಕಲ್ಲಿನ ಮೇಲೆ ನಿಂತಿದ್ದ. ಕೈಯಲ್ಲಿ ಬಳಪವಿತ್ತು. ಅವನು ಬಳಪವನ್ನು ನೋಡಿದ. ಹಲಗೆಯನ್ನು ನೋಡಿದ. ತಂಗಿ ಅವನನ್ನು ನೋಡಿದಳು. ಮೂವತ್ತು ಉಸಿರು ಬಹಳ ಹೊತ್ತು. ಅವನು ಬಳಪವನ್ನು ಜೇಬಿಗೆ ಹಾಕಿಕೊಂಡ.

"ಹೋದರೋ, ಒಯ್ದರೋ?"

ಗುಮಾಸ್ತ ಚಪ್ಪರದಿಂದ ಬಿಸಿಲಿಗೆ ಬಂದು ನಿಂತ. ಏನೂ ಮಾಡಲಿಲ್ಲ, ನಿಂತ ಅಷ್ಟೇ. ಸೋಡದವನು ಒಂದು ಬಾಟಲಿ ತೆರೆಯಲು ಹೋಗಿ ಹಾಗೇ ಬಿಟ್ಟ. ಎಲ್ಲೋ ಹಿಂದಿನ ಸಾಲಿನಲ್ಲಿ ಒಬ್ಬ ಕೆಮ್ಮಿದ. ಎಲ್ಲರೂ ಆ ಕಡೆ ತಿರುಗಿದರು. ಅವನು, ಬರಿಯ ಕೆಮ್ಮು, ಎಂಬಂತೆ ಕೈ ಅಲ್ಲಾಡಿಸಿದ. ಮೂವತ್ತು ಉಸಿರಾಯಿತು. ಅಜ್ಜ ಕಟ್ಟಳೆ ಮೀರಿ ಇನ್ನೂ ನಾಲ್ಕು ಉಸಿರು ಕಾದ.

ಆಮೇಲೆ ಕೋಲೆತ್ತಿ ಮುಂದಿನ ಕಲ್ಲಿಗೆ ಹೋದ. ಪಕ್ಕದ ಕಲ್ಲಿನಾಕೆ ಕಣ್ಣು ಮುಚ್ಚಿಕೊಂಡಿದ್ದಳು.

"ತುಂಬಿದೆ."

ಒಂದು ಹೆಜ್ಜೆ. ತುಂಬಿದೆ. ಒಂದು ಹೆಜ್ಜೆ.

ತಂಗಿ ಸಂಜೆಯವರೆಗೂ ಮಣ್ಣಿನ ಮೇಲೆ ನಿಂತಿದ್ದಳು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಯಾರೂ ನೂಕಲಿಲ್ಲ. ದಾರಿಯಲ್ಲಿ ಕಂಬವಿದ್ದರೆ ಬಳಸಿಕೊಂಡು ಹೋಗುವ ಹಾಗೆ ಬಳಸಿಕೊಂಡು ಹೋದರು. ಇರುವೆಗಳು ಮತ್ತೆ ಸಾಲುಗೂಡಿ, ಚೆಲ್ಲಿದ ಕಡಲೆಯ ಕಡೆಗೆ ದಾರಿ ಬದಲಿಸಿದವು. ಬಿಸಿಲು ಇಳಿಯಿತು. ಅಜ್ಜ ಕೊನೆಯ ಕಲ್ಲು ಮುಟ್ಟಿ, ತಿರುಗಿ ಬಯಲಿನ ನಡುವಿಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಆ ವರ್ಷದ ಎಣಿಕೆ ಕೂಗಿದ.

ತುಂಬಿದ್ದು ಎರಡು ಸಾವಿರದ ಆರುನೂರ ಹದಿನೇಳು. ಖಾಲಿ ಒಂದು. ಪ್ರಶ್ನೆ ಮೂರು. ಉತ್ತರ ಒಂದು.